ರಿಪೋರ್ಟಿನಲ್ಲಿ ‘ನಾರ್ಮಲ್ ವೇರಿಯಂಟ್’ ಅಂತ ಇದ್ದರೆ ಹೆದರಬೇಕಾ?

ಓದುಗರ ಪ್ರಶ್ನೆ, ಡಾಕ್ಟರ ಉತ್ತರ

ತಲೆನೋವಿನ ಬಗ್ಗೆ ಬರೆದ ಮೇಲೆ ಕಾಸರಗೋಡು ಕಡೆಯಿಂದ ತುಂಬಾ ಪತ್ರ ಬಂದಿವೆ. ಹೆಚ್ಚಿನವರು ಎಂಆರ್‌ಐ ರಿಪೋರ್ಟಿನ ಫೋಟೋ ಕಳಿಸಿದ್ದಾರೆ. ಯಾವುದೋ ಒಂದು ಸಾಲಿಗೆ ಪೆನ್ನಲ್ಲಿ ಸುತ್ತು ಹಾಕಿ ‘ಇದೇನು ಡಾಕ್ಟ್ರೇ’ ಅಂತ ಕೇಳಿದ್ದಾರೆ. ಆ ಸಾಲುಗಳೆಲ್ಲ ಹೆಚ್ಚುಕಡಿಮೆ ಒಂದೇ ವಿಷಯದ್ದು: ತಲೆಬುರುಡೆಯ ತಳದಲ್ಲಿ, ಮಿದುಳಿನ ಅಡಿಗೆ ಇರುವ ರಕ್ತನಾಳಗಳು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಮೆಡಿಕಲ್ ಕಾಲೇಜಿನಲ್ಲಿ ಬಹಳ ವರ್ಷ ಅನಾಟಮಿ ಕಲಿಸಿದವನು ನಾನು, ಈ ವಿಷಯ ಎತ್ತಿದರೆ ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ.

ಪ್ರಶ್ನೆ: ಡಾಕ್ಟ್ರಿಗೆ ನಮಸ್ಕಾರ. ನಮ್ಮ ಮನೆಯವರಿಗೆ 46 ವರ್ಷ. ಅಡಿಕೆ ತೋಟ ಇದೆ, ಮಳೆಗಾಲದಲ್ಲಿ ಮದ್ದು ಬಿಡುವುದು, ಕೊಯ್ಲು ಎಲ್ಲ ಅವರೇ ಮರ ಹತ್ತಿ ಮಾಡುವುದು. ಕೆಲವು ತಿಂಗಳಿಂದ ಅರ್ಧ ತಲೆ ನೋವು. ಮಂಗಳೂರಿಗೆ ಹೋಗಿ ಎಂಆರ್‌ಐ ಮಾಡಿಸಿದೆವು. ಅಲ್ಲಿನ ಡಾಕ್ಟರು ಮೈಗ್ರೇನ್ ಅಂತ ಹೇಳಿ ಮಾತ್ರೆ ಕೊಟ್ಟರು. ಮನೆಗೆ ಬಂದು ರಿಪೋರ್ಟ್ ಓದಿದರೆ ಅದರಲ್ಲಿ ‘ಬಲಗಡೆ ಫೀಟಲ್ ಪಿಸಿಎ, ಎಡಗಡೆ ಎ1 ಹೈಪೋಪ್ಲಾಸ್ಟಿಕ್, ನಾರ್ಮಲ್ ವೇರಿಯಂಟ್, ಅನ್ಯೂರಿಸಂ ಇಲ್ಲ’ ಅಂತ ಇದೆ. ಮಿದುಳಿಗೆ ರಕ್ತ ಹೋಗುವ ನಾಳವೇ ಬೆಳೆದಿಲ್ಲವಂತೆ, ಯಾವಾಗ ಬೇಕಾದರೂ ಲಕ್ವ ಹೊಡೆಯಬಹುದು ಅಂತ ನೆಂಟರು ಹೇಳುತ್ತಿದ್ದಾರೆ. ಅವರನ್ನು ಮರ ಹತ್ತಲು ಬಿಡುತ್ತಿಲ್ಲ, ಬೈಕ್ ಕೂಡ ಬಿಡಿಸಿದ್ದೇವೆ. ಏನು ಮಾಡುವುದು?
(ಬದಿಯಡ್ಕ ಹತ್ತಿರದ ಒಬ್ಬ ಗೃಹಿಣಿ)

ಉತ್ತರ: ಅಮ್ಮಾ, ಮೊದಲು ಆ ಸಾಲಿನ ಕೊನೆಯ ಎರಡು ಮಾತು ಇನ್ನೊಮ್ಮೆ ಓದಿ. ನಾರ್ಮಲ್ ವೇರಿಯಂಟ್, ಅನ್ಯೂರಿಸಂ ಇಲ್ಲ. ನಿಮ್ಮ ಮನೆಯವರ ರಕ್ತನಾಳದ ಜೋಡಣೆ ಪುಸ್ತಕದ ಚಿತ್ರಕ್ಕಿಂತ ಸ್ವಲ್ಪ ಬೇರೆ ಇದೆ, ಆದರೆ ಕಾಯಿಲೆ ಇಲ್ಲ. ರಿಪೋರ್ಟ್ ಬರೆದವರು ಹೇಳಿರುವುದು ಅಷ್ಟೇ. ಅವರು ಹುಟ್ಟಿದ್ದೇ ಹೀಗೆ. ನಲವತ್ತಾರು ವರ್ಷ ಇದೇ ನಾಳಗಳ ಮೇಲೆ ಬದುಕಿದ್ದಾರೆ, ಅಡಿಕೆ ಮರ ಹತ್ತಿದ್ದಾರೆ, ಸಂಸಾರ ನಡೆಸಿದ್ದಾರೆ.

ಈಗ ಅಲ್ಲಿ ಏನಿದೆ ಅಂತ ಹೇಳುತ್ತೇನೆ. ಮಿದುಳಿಗೆ ರಕ್ತ ತರುವುದು ನಾಲ್ಕು ನಾಳಗಳು. ಕುತ್ತಿಗೆಯ ಮುಂದೆ ಎರಡು ಕೆರೋಟಿಡ್, ಹಿಂದೆ ಬೆನ್ನೆಲುಬಿನ ಒಳಗಿಂದ ಏರಿ ಬರುವ ಎರಡು ವರ್ಟಿಬ್ರಲ್. ಹಿಂದಿನ ಎರಡೂ ಬುರುಡೆಯ ಒಳಗೆ ಸೇರಿ ಒಂದೇ ನಾಳ ಆಗುತ್ತವೆ, ಅದು ಬೇಸಿಲರ್. ಈ ಮುಂದಿನ ನಾಳಗಳೂ ಹಿಂದಿನದೂ ಮಿದುಳಿನ ತಳದಲ್ಲಿ ಸಪೂರ ಕೊಂಡಿನಾಳಗಳಿಂದ ಒಂದಕ್ಕೊಂದು ಸೇರಿ ಒಂದು ಬಳೆ ಆಗುತ್ತದೆ. ಅದಕ್ಕೆ ಸರ್ಕಲ್ ಆಫ್ ವಿಲ್ಲಿಸ್ ಅಂತ ಹೆಸರು. ನಿಮ್ಮ ತೋಟದಲ್ಲಿ ಎರಡು ಮೋಟಾರಿನ ಪೈಪನ್ನು ನಡುವೆ ಒಂದು ಅಡ್ಡ ಪೈಪ್ ಹಾಕಿ ಸೇರಿಸಿದ್ದರೆ, ಒಂದು ಮೋಟಾರು ನಿಂತರೂ ಇನ್ನೊಂದರ ನೀರು ಆಚೆ ಸ್ಪ್ರಿಂಕ್ಲರಿಗೆ ಹೋಗುತ್ತದೆ ಅಲ್ವಾ, ಬಳೆಯ ಕೆಲಸವೂ ಅದೇ. ಎಲ್ಲ ಸರಿ ಇರುವಾಗ ಆ ಅಡ್ಡ ಪೈಪಲ್ಲಿ ಹೆಚ್ಚು ಹರಿವೇ ಇರುವುದಿಲ್ಲ. ಅದರ ದಪ್ಪ ಗೊತ್ತಾಗುವುದು ಒಂದು ಕಡೆ ನಿಂತಾಗ ಮಾತ್ರ.

ಈ ಬಳೆ ಪುಸ್ತಕದಲ್ಲಿ ಬರೆದ ಹಾಗೆ ಪೂರ್ತಿ, ಎರಡೂ ಬದಿ ಸಮವಾಗಿ ಇರುವುದು ಅರ್ಧಕ್ಕಿಂತ ಕಡಿಮೆ ಜನರಲ್ಲಿ. ಉಳಿದವರಲ್ಲಿ ಒಂದು ಕೊಂಡಿ ತೀರಾ ಸಪೂರ, ಅಥವಾ ಇಲ್ಲವೇ ಇಲ್ಲ, ಅಥವಾ ಒಂದರ ಜಾಗದಲ್ಲಿ ಎರಡು. ನಾನು ವಿದ್ಯಾರ್ಥಿಗಳಿಗೆ ಡಿಸೆಕ್ಷನ್ ಹಾಲಿನಲ್ಲಿ ಮಿದುಳನ್ನು ಮಗುಚಿ ಕೈಯಲ್ಲಿ ಇಟ್ಟುಕೊಂಡು ತೋರಿಸುವಾಗ, ತಳದ ತೆಳು ಪೊರೆಯನ್ನು ಫೋರ್ಸೆಪ್ಸಿನಿಂದ ಮೆಲ್ಲ ಬಿಡಿಸಬೇಕು. ಹಿಂದಿನ ಕೊಂಡಿನಾಳ, ಅಂದರೆ ಪೋಸ್ಟೀರಿಯರ್ ಕಮ್ಯುನಿಕೇಟಿಂಗ್, ಎಷ್ಟೋ ಸಲ ಒಂದು ಮಿಲಿಮೀಟರೂ ಇರುವುದಿಲ್ಲ. ಸ್ವಲ್ಪ ಅವಸರ ಮಾಡಿದರೆ ಪೊರೆಯ ಜೊತೆಗೇ ಕಿತ್ತು ಬರುತ್ತದೆ. ಅದೇ ಮಿದುಳಿನ ಇನ್ನೊಂದು ಬದಿಯಲ್ಲಿ ಅದೇ ನಾಳ ಪುಷ್ಟವಾಗಿ, ದೂರದಿಂದಲೇ ಕಾಣುವಷ್ಟು ದಪ್ಪ ಇರುತ್ತದೆ. ಒಂದೇ ತಲೆ, ಎರಡು ಬದಿ, ಎರಡು ರೀತಿ. ಆ ಮನುಷ್ಯ ಬದುಕಿರುವಾಗ ಅವನಿಗೆ ಅದರ ಸುದ್ದಿಯೇ ಇರಲಿಲ್ಲ.

ನಿಮ್ಮ ರಿಪೋರ್ಟಿನ ‘ಫೀಟಲ್ ಪಿಸಿಎ’ ಅದೇ ಜಾತಿಯದ್ದು. ಪಿಸಿಎ ಅಂದರೆ ಪೋಸ್ಟೀರಿಯರ್ ಸೆರೆಬ್ರಲ್ ಆರ್ಟರಿ, ಮಿದುಳಿನ ಹಿಂಭಾಗಕ್ಕೆ ರಕ್ತ ಕೊಡುವ ನಾಳ. ಮಗು ಹೊಟ್ಟೆಯಲ್ಲಿರುವಾಗ ಮಿದುಳಿನ ಹಿಂಭಾಗಕ್ಕೂ ಮುಂದಿನ ಕೆರೋಟಿಡ್ ನಾಳವೇ ರಕ್ತ ಕೊಡುತ್ತದೆ. ಆಮೇಲೆ ಹಿಂದಿನ ನಾಳಗಳು ಬಲಿತು ಆ ಕೆಲಸ ವಹಿಸಿಕೊಳ್ಳುತ್ತವೆ, ಮೊದಲಿನ ದಾರಿ ಸಪೂರವಾಗುತ್ತದೆ. ಕೆಲವರಲ್ಲಿ ಹಾಗೆ ಆಗದೆ ಮೊದಲಿನ ದಾರಿಯೇ ದೊಡ್ಡದಾಗಿ ಉಳಿಯುತ್ತದೆ. ಹತ್ತು ಜನರಲ್ಲಿ ಒಬ್ಬರಿಂದ ಮೂವರವರೆಗೆ ಒಂದಲ್ಲ ಒಂದು ಬದಿಯಲ್ಲಿ ಹೀಗೆ ಇರುತ್ತದೆ. ಎಡಗಡೆಯ ‘ಎ1 ಹೈಪೋಪ್ಲಾಸ್ಟಿಕ್’ ಅಂದರೆ ಮಿದುಳಿನ ಮುಂಭಾಗಕ್ಕೆ ಹೋಗುವ ನಾಳದ ಮೊದಲ ತುಂಡು ಆ ಬದಿಯಲ್ಲಿ ಸಪೂರ, ಆ ಭಾಗಕ್ಕೆ ಬಲಗಡೆಯಿಂದ ಮುಂದಿನ ಕೊಂಡಿಯ ಮೂಲಕ ರಕ್ತ ಬರುತ್ತಿದೆ. ರಕ್ತ ಬರುತ್ತಿಲ್ಲ ಅಂತ ಅಲ್ಲ, ಬರುವ ದಾರಿ ಬೇರೆ.

ಹಾಗಾದರೆ ಇದಕ್ಕೆ ಏನೂ ಅರ್ಥವೇ ಇಲ್ಲವಾ ಅಂದರೆ, ಇದೆ, ಅದನ್ನೂ ಮುಚ್ಚಿಡುವುದಿಲ್ಲ. ಎ1 ಒಂದು ಬದಿ ಸಪೂರ ಇದ್ದಾಗ ಇನ್ನೊಂದು ಬದಿಯ ನಾಳ ಎರಡರ ಹೊರೆ ಹೊರುತ್ತದೆ. ಅಂಥವರಲ್ಲಿ ಮುಂದಿನ ಕೊಂಡಿಯ ಹತ್ತಿರ ಅನ್ಯೂರಿಸಂ, ಅಂದರೆ ನಾಳದ ಗೋಡೆ ಉಬ್ಬುವುದು, ಉಳಿದವರಿಗಿಂತ ಜಾಸ್ತಿ ಕಾಣಿಸುತ್ತದೆ. ನಿಮ್ಮ ಮನೆಯವರಲ್ಲಿ ಅದಿಲ್ಲ ಅಂತ ಸ್ಕ್ಯಾನ್ ನೋಡಿದವರೇ ಬರೆದಿದ್ದಾರೆ. ಮುಂದೆ ಆ ನಾಳಗಳಿಗೆ ಪೆಟ್ಟು ಕೊಡುವುದು ಬಿಪಿ ಮತ್ತು ಬೀಡಿ ಸಿಗರೇಟು. ಅವರ ಬಿಪಿ ಎಷ್ಟಿದೆ ಅಂತ ನೀವು ಪತ್ರದಲ್ಲಿ ಬರೆದಿಲ್ಲ. ನೆಂಟರು ಅದನ್ನು ಕೇಳಬೇಕಿತ್ತು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನೋಡಿಸಿ, ಸಕ್ಕರೆ ಮತ್ತು ಕೊಲೆಸ್ಟರಾಲ್ ಕೂಡ ಒಮ್ಮೆ ನೋಡಿಸಿ.

ಮರ ಹತ್ತುವ ವಿಷಯ. ವೇರಿಯಂಟ್ ಇದೆ ಅಂತ ಮರ ಹತ್ತುವುದನ್ನು ಬಿಡಬೇಕಾಗಿಲ್ಲ. ಆದರೆ ತಲೆನೋವು ಬಂದಿರುವ ದಿನ, ತಲೆ ತಿರುಗುವಾಗ, ಮೈಗ್ರೇನಿನ ಮಾತ್ರೆಯಿಂದ ಮಂಪರು ಇರುವಾಗ ಖಂಡಿತ ಹತ್ತಬಾರದು. ಬೈಕಿಗೂ ಅದೇ ಮಾತು. ಇದು ನಾಳದ ಸಲುವಾಗಿ ಅಲ್ಲ, ಬೀಳುವ ಭಯಕ್ಕೆ.

ಒಂದು ಮಾತ್ರ ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ, ವೇರಿಯಂಟ್ ಇದ್ದವರಿಗೂ ಇಲ್ಲದವರಿಗೂ. ಜೀವಮಾನದಲ್ಲಿ ಇಂಥ ನೋವೇ ಕಂಡಿಲ್ಲ ಅನ್ನುವಂಥ ತಲೆನೋವು ಒಂದೇ ಕ್ಷಣದಲ್ಲಿ ಬಡಿದರೆ, ಅಥವಾ ತಲೆನೋವಿನ ಜೊತೆ ಒಂದು ಕಣ್ಣಿನ ರೆಪ್ಪೆ ಇಳಿಬಿದ್ದು ಆ ಕಣ್ಣಿನ ಪಾಪೆ ಅಗಲವಾಗಿ ಕಂಡರೆ, ಆವತ್ತೇ, ಆ ಗಂಟೆಯಲ್ಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಹಿಂದಿನ ಕೊಂಡಿನಾಳದ ಪಕ್ಕದಲ್ಲೇ ಕಣ್ಣಿನ ಒಂದು ನರ ಹಾದುಹೋಗುತ್ತದೆ. ಅಲ್ಲಿ ಉಬ್ಬು ಬೆಳೆದು ಅದನ್ನು ಒತ್ತಿದರೆ ರೆಪ್ಪೆ ಬೀಳುತ್ತದೆ. ಬೆಳಗಾಗಲಿ ನೋಡುವ ಅಂತ ಕೂರುವ ವಿಷಯ ಅಲ್ಲ.

ಪ್ರಶ್ನೆ: ಸಾರ್, ನನಗೆ 27. ಕಟ್ಟಿಂಗ್ ಆದ ಮೇಲೆ ಅಂಗಡಿಯವರು ತಲೆ ಮಸಾಜ್ ಮಾಡಿ ಕುತ್ತಿಗೆಯನ್ನು ಎರಡೂ ಕಡೆ ಲಟಕ್ ಅಂತ ತಿರುಗಿಸುತ್ತಾರೆ, ಹಾಯಾಗಿರುತ್ತದೆ. ಹೋದ ವರ್ಷ ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದಾಗ ಬಲಗಡೆ ವರ್ಟಿಬ್ರಲ್ ಸಣ್ಣದು ಅಂತ ಬಂದಿತ್ತು. ನನಗೆ ಇದು ಅಪಾಯವಾ?
(ಕುಂಬಳೆಯಿಂದ ಒಬ್ಬರು)

ಉತ್ತರ: ಬಲಗಡೆಯದು ಸಣ್ಣದಿರುವುದು ಅಪಾಯ ಅಲ್ಲ. ತುಂಬಾ ಜನರಲ್ಲಿ ಎಡಗಡೆಯದ್ದೇ ದೊಡ್ಡದು. ಆ ಲಟಕ್ ಮಾತ್ರ ಇವತ್ತೇ ನಿಲ್ಲಿಸಿ.

ವರ್ಟಿಬ್ರಲ್ ನಾಳ ಕುತ್ತಿಗೆಯ ಎಲುಬುಗಳ ಪಕ್ಕದಲ್ಲಿರುವ ತೂತುಗಳ ಒಳಗಿಂದ, ಸಾಮಾನ್ಯವಾಗಿ ಆರನೇ ಎಲುಬಿನಿಂದ ಒಂದನೆಯದರವರೆಗೆ, ಮೇಲೆ ಬರುತ್ತದೆ. ಎಲ್ಲಕ್ಕಿಂತ ಮೇಲಿನ ಎಲುಬು ದಾಟಿದ ಮೇಲೆ ಹಿಂದಕ್ಕೆ ಬಾಗಿ, ಎಲುಬಿನ ಮೇಲೆ ಮಲಗಿದ ಹಾಗೆ ಸುತ್ತಿಕೊಂಡು ಬುರುಡೆಯ ತಳದ ದೊಡ್ಡ ರಂಧ್ರದಿಂದ ಒಳಗೆ ಹೋಗುತ್ತದೆ. ತಲೆ ತಿರುಗಿಸುವಾಗ ಹೆಚ್ಚು ಎಳೆತ ಬೀಳುವುದು ಈ ತಿರುವಿನಲ್ಲೇ. ನಾವೇ ತಿರುಗಿಸಿದರೆ ಸ್ನಾಯುಗಳು ಒಂದು ಮಿತಿಯಲ್ಲಿ ತಡೆಯುತ್ತವೆ. ಇನ್ನೊಬ್ಬರು ಗಲ್ಲ ಹಿಡಿದು ಝಟ್ಟನೆ ತಿರುಗಿಸಿದರೆ ಆ ತಡೆ ಇರುವುದಿಲ್ಲ. ನಾಳದ ಒಳಪದರ ಬಿರುಕು ಬಿಟ್ಟರೆ ರಕ್ತ ಗೋಡೆಯ ಒಳಗೆ ನುಗ್ಗುತ್ತದೆ, ಅಲ್ಲಿ ಹೆಪ್ಪುಗಟ್ಟುತ್ತದೆ, ಆ ಹೆಪ್ಪಿನ ಚೂರು ಮಿದುಳಿಗೆ ಹೋದರೆ ಸ್ಟ್ರೋಕ್. ಅಪರೂಪ, ಹೌದು. ಆದರೆ ಚಿಕ್ಕ ವಯಸ್ಸಿನವರ ಸ್ಟ್ರೋಕಿಗೆ ನಾಳ ಹೀಗೆ ಸೀಳುವುದು ಒಂದು ಮುಖ್ಯ ಕಾರಣ. ನಿಮ್ಮಲ್ಲಿ ಎಡಗಡೆಯದ್ದೇ ಹೆಚ್ಚಿನ ರಕ್ತ ತರುತ್ತಿರುವುದರಿಂದ ಅದಕ್ಕೆ ಪೆಟ್ಟಾದರೆ ಬಲಗಡೆಯದು ಸಾಕಾಗದೆ ಹೋಗಬಹುದು.

ಇದು ಅಲ್ಲೇ ಕುರ್ಚಿಯಲ್ಲೇ ಗೊತ್ತಾಗಬೇಕೆಂದಿಲ್ಲ. ಕೆಲವು ಗಂಟೆ, ಕೆಲವು ದಿನ ಬಿಟ್ಟು ಕೂಡ ಬರಬಹುದು. ಕುತ್ತಿಗೆಯ ಹಿಂದೆ ಒಂದು ಬದಿ ಹೊಸ ತರದ ನೋವು, ಜೊತೆಗೆ ತಲೆ ತಿರುಗುವುದು, ಒಂದು ವಸ್ತು ಎರಡಾಗಿ ಕಾಣುವುದು, ನಡೆಯುವಾಗ ಒಂದು ಕಡೆ ವಾಲುವುದು, ನುಂಗಲು ಕಷ್ಟ, ಇವು ಬಂದರೆ ‘ಕುತ್ತಿಗೆ ತಿರುಗಿಸಿಕೊಂಡಿದ್ದೆ’ ಅನ್ನುವುದನ್ನು ಡಾಕ್ಟರಿಗೆ ತಪ್ಪದೆ ಹೇಳಬೇಕು. ಅದೊಂದು ಮಾತಿನಿಂದ ಅವರು ಯಾವ ಸ್ಕ್ಯಾನ್ ಬರೆಯಬೇಕು ಅಂತ ತೀರ್ಮಾನ ಆಗುತ್ತದೆ. ತಲೆಗೆ ಎಣ್ಣೆ ಹಚ್ಚಿ ಮಸಾಜ್ ಮಾಡಿಸಿಕೊಳ್ಳಿ, ಭುಜ ಒತ್ತಿಸಿಕೊಳ್ಳಿ, ಅದಕ್ಕೇನೂ ತೊಂದರೆ ಇಲ್ಲ. ಕತ್ತರಿ ಎತ್ತುವ ಮೊದಲೇ ‘ಅಣ್ಣ, ಕುತ್ತಿಗೆ ಬೇಡ’ ಅಂತ ಹೇಳಿಬಿಡಿ.

ಪ್ರಶ್ನೆ: ನಮಸ್ಕಾರ್ರಿ ಡಾಕ್ಟರ್. ನಾನು ಕನ್ನಡ ಶಾಲೆಯ ವಿಜ್ಞಾನ ಮಾಸ್ತರ. ಇಷ್ಟು ಜನರಲ್ಲಿ ಬೇರೆ ಬೇರೆ ಇರುತ್ತದೆ ಅಂದರೆ ಪುಸ್ತಕದಲ್ಲಿ ಒಂದೇ ಚಿತ್ರ ಯಾಕೆ? ಈ ವಿಲ್ಲಿಸ್ ಅನ್ನುವವರು ಯಾರು?
(ಅಕ್ಕಲಕೋಟೆ ತಾಲೂಕಿನಿಂದ)

ಉತ್ತರ: ಮಾಸ್ತರರ ಪ್ರಶ್ನೆ ಓದಿ ಖುಷಿಯಾಯಿತು. ಇದರ ಹಿಂದೆ ಸಾವಿರದ ಐನೂರು ವರ್ಷಗಳ ಕಥೆಯಿದೆ.

ಎರಡನೇ ಶತಮಾನದಲ್ಲಿ ರೋಮಿನಲ್ಲಿದ್ದ ವೈದ್ಯ ಗ್ಯಾಲನ್, ಮಿದುಳಿನ ತಳದಲ್ಲಿ ಸಣ್ಣ ಸಣ್ಣ ರಕ್ತನಾಳಗಳ ಒಂದು ಅದ್ಭುತ ಜಾಲ ಇದೆ ಅಂತ ಬರೆದಿದ್ದ. ಅಲ್ಲೇ ಮನುಷ್ಯನ ಜೀವಚೈತನ್ಯ ತಯಾರಾಗುವುದು ಅಂತ ನಂಬಿಕೆ. ಅವನು ಕೊಯ್ದು ನೋಡಿದ್ದು ದನ, ಕುರಿಯಂಥ ಪ್ರಾಣಿಗಳನ್ನು. ಕುರಿ, ಆಡು, ದನಗಳಲ್ಲಿ ಅಂಥ ಜಾಲ ನಿಜವಾಗಿಯೂ ಇದೆ, ಮನುಷ್ಯನಲ್ಲಿ ಇಲ್ಲ. ಆದರೂ ಶತಮಾನಗಟ್ಟಲೆ ವೈದ್ಯರು ಅದು ಮನುಷ್ಯನಲ್ಲೂ ಇದೆ ಅಂತಲೇ ಕಲಿಸಿದರು, ಚಿತ್ರವನ್ನೂ ಬರೆದರು. ಹದಿನಾರನೇ ಶತಮಾನದಲ್ಲಿ ಇಟಲಿಯ ಬೆರೆಂಗಾರಿಯೊ ದಾ ಕಾರ್ಪಿ ಎಷ್ಟು ಹುಡುಕಿದರೂ ಸಿಗುತ್ತಿಲ್ಲ ಅಂತ ಬರೆದ. 1543ರಲ್ಲಿ ವೆಸಾಲಿಯಸ್ ಮನುಷ್ಯನಲ್ಲಿ ಅದಿಲ್ಲ ಅಂತ ಗಟ್ಟಿಯಾಗಿ ಹೇಳಿದ.

ಥಾಮಸ್ ವಿಲ್ಲಿಸ್ ಇಂಗ್ಲೆಂಡಿನ ಆಕ್ಸ್‌ಫರ್ಡಿನ ವೈದ್ಯ. 1664ರಲ್ಲಿ ಮಿದುಳಿನ ರಚನೆಯ ಬಗ್ಗೆ ದೊಡ್ಡ ಪುಸ್ತಕ ತಂದರು. ಕೊಯ್ಯುವ ಕೆಲಸದಲ್ಲಿ ಜೊತೆಗಿದ್ದವರು ರಿಚರ್ಡ್ ಲೋವರ್, ಚಿತ್ರ ಬರೆದವರಲ್ಲಿ ಮುಖ್ಯರು ಕ್ರಿಸ್ಟೋಫರ್ ರೆನ್. ಮುಂದೆ ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್ ವಿನ್ಯಾಸ ಮಾಡಿದ ವಾಸ್ತುಶಿಲ್ಪಿ ಇವರೇ! ಈ ಬಳೆಯನ್ನು ವಿಲ್ಲಿಸರಿಗಿಂತ ಮೊದಲು ಕಂಡವರು ಇದ್ದರು. ಸ್ವಿಟ್ಜರ್ಲೆಂಡಿನ ವೆಪ್ಫರ್ 1658ರಲ್ಲೇ ಇದನ್ನು ವಿವರಿಸಿದ್ದರು. ಆದರೆ ಇದು ಯಾಕಿದೆ ಅಂತ ಸ್ಪಷ್ಟವಾಗಿ ಹೇಳಿದ್ದು ವಿಲ್ಲಿಸ್. ಒಂದು ಬದಿಯ ಕೆರೋಟಿಡ್ ನಾಳಕ್ಕೆ ಬಣ್ಣದ ದ್ರವ ಹಾಕಿದರೆ ಅದು ಇನ್ನೊಂದು ಬದಿಗೂ ಹರಿಯುವುದನ್ನು ನೋಡಿದರು. ಬೇರೆ ಕಾಯಿಲೆಯಿಂದ ತೀರಿಕೊಂಡ ಒಬ್ಬನ ಶವ ಕೊಯ್ದಾಗ ಬಲಗಡೆಯ ಕೆರೋಟಿಡ್ ಪೂರ್ತಿ ಮುಚ್ಚಿಹೋಗಿತ್ತು, ಆದರೆ ಅದೇ ಬದಿಯ ವರ್ಟಿಬ್ರಲ್ ನಾಳ ದಪ್ಪವಾಗಿ ಬೆಳೆದಿತ್ತು. ಬದುಕಿದ್ದಾಗ ಅವನಿಗೆ ಲಕ್ವ ಹೊಡೆದಿರಲಿಲ್ಲ. ಒಂದು ದಾರಿ ಮುಚ್ಚಿದರೆ ಇನ್ನೊಂದು ದಾರಿ ನಡೆಸುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಚಿತ್ರ ಒಂದೇ ಯಾಕೆ ಅಂದರೆ, ಕಲಿಯುವವರಿಗೆ ಶುರುವಿಗೆ ಒಂದು ನಕ್ಷೆ ಬೇಕು, ಹೆಸರುಗಳು ಬೇಕು. ಅದರಲ್ಲಿ ತಪ್ಪಿಲ್ಲ. ಆದರೆ ಆ ನಕ್ಷೆಯ ಪಕ್ಕದಲ್ಲೇ ‘ಹೀಗೂ ಇರುತ್ತದೆ’ ಅಂತ ಇನ್ನು ನಾಲ್ಕು ಚಿತ್ರ ಹಾಕಬೇಕು ಅಂತ ನಾನು ಮೊದಲಿನಿಂದಲೂ ಹೇಳುತ್ತ ಬಂದಿದ್ದೇನೆ. ಇಲ್ಲದಿದ್ದರೆ ನಕ್ಷೆಯಂತೆ ಇಲ್ಲದವರೆಲ್ಲ ರೋಗಿಗಳು ಅನ್ನುವ ಭಾವನೆ ಬರುತ್ತದೆ. ಮಕ್ಕಳಿಗೆ ಹೇಳಲು ಇನ್ನೊಂದು ಸಂಗತಿ: ಮಂಗೋಲಿಯಾದ ಜರ್ಬಿಲ್ ಅನ್ನುವ ಇಲಿಯಂಥ ಪ್ರಾಣಿಗೆ ಹಿಂದಿನ ಕೊಂಡಿನಾಳ ಸಾಮಾನ್ಯವಾಗಿ ಇರುವುದೇ ಇಲ್ಲ. ಆ ಕಾರಣಕ್ಕೇ ಸ್ಟ್ರೋಕ್ ಸಂಶೋಧನೆಯಲ್ಲಿ ಅದನ್ನು ಬಹಳ ಬಳಸಿದ್ದಾರೆ.

ಪ್ರಶ್ನೆ: ನನ್ನ ಎಡ ಕಿವಿಯಲ್ಲಿ ರಾತ್ರಿ ಮಲಗಿದಾಗ ನಾಡಿ ಬಡಿದ ಹಾಗೆ ಡಬ್ ಡಬ್ ಅಂತ ಶಬ್ದ. ಕಿವಿ ಡಾಕ್ಟರು ನೋಡಿ, ಒಳಗೆ ಕೆಂಪಗೆ ಏನೋ ಇದೆ, ಸಿಟಿ ಸ್ಕ್ಯಾನ್ ಆಗದೆ ಮುಟ್ಟುವುದಿಲ್ಲ ಅಂದರು. ಸುಮ್ನೆ ಖರ್ಚು ಮಾಡಿಸುತ್ತಿದ್ದಾರಾ?
(ತಾಳವಾಡಿಯಿಂದ ಒಬ್ಬ ಮಹಿಳೆ)

ಉತ್ತರ: ಇಲ್ಲ ತಾಯಿ, ಒಳ್ಳೆಯ ಡಾಕ್ಟರು ಸಿಕ್ಕಿದ್ದಾರೆ. ಕೆರೋಟಿಡ್ ನಾಳ ಬುರುಡೆಯ ತಳದ ಎಲುಬಿನಲ್ಲಿ ಒಂದು ಸುರಂಗದ ಮೂಲಕ ಒಳಗೆ ಹೋಗುತ್ತದೆ, ಆ ಸುರಂಗ ಕಿವಿಗೆ ತೀರಾ ಹತ್ತಿರ. ಬಹಳ ಅಪರೂಪಕ್ಕೆ ಕೆಲವರಲ್ಲಿ ನಾಳವೇ ದಾರಿ ಬದಲಿಸಿ ನಡುಗಿವಿಯ ಒಳಗೆ ಬಂದಿರುತ್ತದೆ. ಇನ್ನು ಕೆಲವರಲ್ಲಿ ಕತ್ತಿನ ದೊಡ್ಡ ಅಭಿಧಮನಿಯ ತುದಿ ಎತ್ತರಕ್ಕೆ ಏರಿರುತ್ತದೆ. ತಮಟೆಯ ಹಿಂದೆ ಕೆಂಪಗೆ ಅಥವಾ ನೀಲಿಯಾಗಿ ಕಾಣುವುದು ಗಡ್ಡೆ ಅಂತ ತಿಳಿದು ಚೂರು ತೆಗೆಯಲು ಹೋದರೆ ಭಾರೀ ರಕ್ತಸ್ರಾವ ಆಗಬಹುದು. ಸ್ಕ್ಯಾನ್ ಮೊದಲು, ಕೈ ಆಮೇಲೆ. ಅಂದ ಹಾಗೆ, ನಾಡಿಯಂಥ ಶಬ್ದಕ್ಕೆ ರಕ್ತಹೀನತೆ, ಥೈರಾಯ್ಡ್, ಬಿಪಿ ಕೂಡ ಕಾರಣ ಆಗುತ್ತವೆ, ಹಿಮೋಗ್ಲೋಬಿನ್ ಒಮ್ಮೆ ನೋಡಿಸಿ. ಸ್ಕ್ಯಾನ್ ಆಗುವವರೆಗೆ ಕಿವಿಗೆ ಕಡ್ಡಿ, ಎಣ್ಣೆ ಏನೂ ಬೇಡ.

ಪ್ರಶ್ನೆ: ನಮ್ಮ ದೊಡ್ಡಪ್ಪನಿಗೂ ಪಕ್ಕದ ಮನೆಯವರಿಗೂ ಒಂದೇ ವರ್ಷ ಸ್ಟ್ರೋಕ್ ಆಯಿತು. ಇಬ್ಬರಿಗೂ ಕುತ್ತಿಗೆಯ ನಾಳ ಬ್ಲಾಕ್. ಪಕ್ಕದ ಮನೆಯವರು ಈಗ ಅಂಗಡಿಗೆ ನಡೆದುಕೊಂಡು ಹೋಗುತ್ತಾರೆ, ದೊಡ್ಡಪ್ಪ ಹಾಸಿಗೆಯಲ್ಲಿದ್ದಾರೆ. ಯಾಕೆ ಹೀಗೆ?
(ಉಪ್ಪಳದಿಂದ ಒಬ್ಬ ಓದುಗರು)

ಉತ್ತರ: ದೊಡ್ಡಪ್ಪನ ಸ್ಥಿತಿ ಕೇಳಿ ಬೇಸರವಾಯಿತು. ಅವರ ಸ್ಕ್ಯಾನ್ ನೋಡದೆ ಅವರಿಗೆ ಹೀಗೇ ಆಯಿತು ಅಂತ ಹೇಳಲಾರೆ. ಆದರೆ ಒಂದೇ ನಾಳ ಮುಚ್ಚಿದರೂ ಇಬ್ಬರಿಗೆ ಎರಡು ಫಲ ಆಗುವುದಕ್ಕೆ ಈ ಬಳೆಯೂ ಒಂದು ದೊಡ್ಡ ಕಾರಣ. ಕೊಂಡಿಗಳು ಚೆನ್ನಾಗಿದ್ದವರಲ್ಲಿ ಆಚೆ ಬದಿಯ ರಕ್ತ ಬಂದು ಸ್ವಲ್ಪ ಹೊತ್ತಾದರೂ ಮಿದುಳನ್ನು ಬದುಕಿಸಿಕೊಂಡಿರುತ್ತದೆ. ಸಪೂರ ಇದ್ದವರಲ್ಲಿ ಆ ಅವಕಾಶ ಕಡಿಮೆ. ಮಿದುಳು ದೇಹದ ತೂಕದಲ್ಲಿ ಸುಮಾರು 2% ಮಾತ್ರ, ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು 20% ಅದಕ್ಕೇ ಬೇಕು. ಕಾಯುವ ಶಕ್ತಿ ಅದಕ್ಕಿಲ್ಲ.

ಎರಡನೇ ಕಾರಣ ಸಮಯ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ಈ ಲೆಕ್ಕ ಶುರುವಾಗುವುದು ರೋಗಿ ಸರಿಯಿದ್ದದ್ದನ್ನು ಕೊನೆಯದಾಗಿ ಕಂಡ ಹೊತ್ತಿನಿಂದ. ದೊಡ್ಡ ನಾಳ ಮುಚ್ಚಿದ್ದರೆ ತೊಡೆಯ ನಾಳದಿಂದ ಕೊಳವೆ ಹಾಕಿ ಹೆಪ್ಪನ್ನು ಎಳೆದು ತೆಗೆಯುವ ಚಿಕಿತ್ಸೆ ಇದೆ. 2018ರಲ್ಲಿ ಬಂದ ಎರಡು ದೊಡ್ಡ ಅಧ್ಯಯನಗಳ ನಂತರ, ಸ್ಕ್ಯಾನಿನಲ್ಲಿ ಮಿದುಳು ಇನ್ನೂ ಉಳಿದಿದೆ ಅಂತ ಕಂಡ ಕೆಲವರಿಗೆ ಇದನ್ನು 24 ಗಂಟೆಯವರೆಗೂ ಮಾಡುತ್ತಾರೆ. ಅಷ್ಟು ಹೊತ್ತು ಮಿದುಳು ಉಳಿಯುವುದು ಯಾರಲ್ಲಿ? ಬದಲಿ ದಾರಿಯಲ್ಲಿ ರಕ್ತ ಬರುತ್ತಿರುವವರಲ್ಲಿ. ನಮ್ಮ ಕೊಂಡಿ ಎಷ್ಟು ದಪ್ಪ ಅಂತ ನಮಗೆ ಮೊದಲೇ ಗೊತ್ತಿರುವುದಿಲ್ಲವಲ್ಲ, ಆದ್ದರಿಂದ ಎಲ್ಲರೂ ಅವಸರವನ್ನೇ ಮಾಡಬೇಕು.

ಬಾಯಿ ಒಂದು ಕಡೆ ವಾಲಿತು, ಒಂದು ಕೈ ಎತ್ತಲಾಗುತ್ತಿಲ್ಲ, ಮಾತು ತೊದಲುತ್ತಿದೆ, ಇದ್ದಕ್ಕಿದ್ದಂತೆ ಕಣ್ಣು ಕಾಣುತ್ತಿಲ್ಲ ಅಥವಾ ನಿಲ್ಲಲಾಗುತ್ತಿಲ್ಲ ಅಂದರೆ ಗಡಿಯಾರ ನೋಡಿ ಸಮಯ ಬರೆದಿಡಿ, 108ಕ್ಕೆ ಫೋನ್ ಮಾಡಿ. ಕೇರಳ, ಕರ್ನಾಟಕ ಎರಡೂ ರಾಜ್ಯದಲ್ಲಿ ಅದೇ ನಂಬರ್. ನೀರು, ಕಾಫಿ ಕೊಡಬೇಡಿ, ನುಂಗಲಾಗದೆ ಶ್ವಾಸಕೋಶಕ್ಕೆ ಹೋಗಬಹುದು. ಆಸ್ಪಿರಿನ್ ಕೂಡ ಮನೆಯಲ್ಲಿ ಕೊಡಬೇಡಿ, ಮಿದುಳಿನಲ್ಲಿ ರಕ್ತಸ್ರಾವ ಆಗಿದ್ದರೆ ಅದು ಕೆಡುಕು, ಯಾವುದು ಅಂತ ಸಿಟಿ ಸ್ಕ್ಯಾನಿನಿಂದಲೇ ಗೊತ್ತಾಗಬೇಕು. ಸಿಟಿ ಸ್ಕ್ಯಾನ್ ಇಲ್ಲದ ಆಸ್ಪತ್ರೆಗೆ ಮೊದಲು ಹೋಗಿ ಅಲ್ಲಿಂದ ಇನ್ನೊಂದಕ್ಕೆ ಹೋಗುವುದರಲ್ಲೇ ನಮ್ಮ ಕಡೆ ಹೊತ್ತು ಕಳೆಯುತ್ತದೆ. 2020ರ ಕೊರೋನಾ ಸಮಯದಲ್ಲಿ ಎರಡು ರಾಜ್ಯಗಳ ನಡುವಿನ ತಲಪಾಡಿ ಗಡಿ ಮುಚ್ಚಿದ್ದಾಗ ಮಂಗಳೂರು ತಲುಪಲಾಗದೆ ಇಲ್ಲಿನ ಜನ ಪಟ್ಟ ಪಾಡು ಯಾರೂ ಮರೆತಿಲ್ಲ. ಗಡಿಯ ಜನಕ್ಕೆ ಹತ್ತಿರದಲ್ಲೇ ದಿನವಿಡೀ ಸ್ಟ್ರೋಕ್ ಚಿಕಿತ್ಸೆ ಸಿಗಬೇಕು, ಇದನ್ನು ಕೇಳುತ್ತಲೇ ಇರಬೇಕು. ಅಲ್ಲಿಯವರೆಗೆ, ನಿಮ್ಮ ಮನೆಯಿಂದ ಬೇಗ ತಲುಪುವ ಸ್ಟ್ರೋಕ್ ಆಸ್ಪತ್ರೆ ಯಾವುದು ಅಂತ ಇವತ್ತೇ ವಿಚಾರಿಸಿ ನಂಬರ್ ಗೋಡೆಗೆ ಅಂಟಿಸಿಡಿ.

ಪ್ರಶ್ನೆ: ಅಪ್ಪನ ವೇರಿಯಂಟ್ ಮಕ್ಕಳಿಗೂ ಬರುತ್ತದಾ? ಮಕ್ಕಳಿಗೂ ಸ್ಕ್ಯಾನ್ ಮಾಡಿಸಬೇಕಾ?
(ಮುಳ್ಳೇರಿಯ)

ಉತ್ತರ: ಬೇಡ. ಹತ್ತಿರದ ರಕ್ತಸಂಬಂಧಿಗಳಲ್ಲಿ ಇಬ್ಬರಿಗೆ ಅಥವಾ ಹೆಚ್ಚು ಜನಕ್ಕೆ ಮಿದುಳಿನ ಅನ್ಯೂರಿಸಂ ಇದ್ದರೆ, ಅಥವಾ ಮನೆತನದಲ್ಲಿ ಮೂತ್ರಪಿಂಡದ ತುಂಬಾ ನೀರುಗುಳ್ಳೆ ಬರುವ ಪಾಲಿಸಿಸ್ಟಿಕ್ ಕಿಡ್ನಿ ಕಾಯಿಲೆ ಇದ್ದರೆ ಮಾತ್ರ ನ್ಯೂರಾಲಜಿಸ್ಟರನ್ನು ಕೇಳಿ.

ಪ್ರಶ್ನೆ: ರಿಪೋರ್ಟಿನಲ್ಲಿ ‘ನಾಟ್ ವಿಷುವಲೈಸ್ಡ್’ ಅಂತ ಇದೆ, ಅಂದರೆ ನಾಳ ಇಲ್ಲವೇ ಇಲ್ಲವಾ? ವರ್ಷ ವರ್ಷ ಸ್ಕ್ಯಾನ್ ಮಾಡಿಸುತ್ತಾ ಇರಬೇಕಾ?
(ಮಂಜೇಶ್ವರದ ನಿವೃತ್ತ ಅಧ್ಯಾಪಕರು)

ಉತ್ತರ: ಸಾರ್, ಇಲ್ಲವೇ ಇಲ್ಲ ಅಂತ ಅರ್ಥ ಅಲ್ಲ, ಸ್ಕ್ಯಾನಿನಲ್ಲಿ ಕಂಡಿಲ್ಲ ಅಂತ ಅಷ್ಟೇ. ಔಷಧಿ ಚುಚ್ಚದೆ ಮಾಡುವ ಎಂಆರ್‌ಎ, ಅಂದರೆ ರಕ್ತನಾಳ ನೋಡುವ ಎಂಆರ್‌ಐ, ಹರಿಯುವ ರಕ್ತವನ್ನು ಹಿಡಿಯುತ್ತದೆ. ನಾಳ ತೀರಾ ಸಪೂರ ಇದ್ದು ಹರಿವು ನಿಧಾನವಾಗಿದ್ದರೆ, ನಾಳ ಇದ್ದರೂ ಚಿತ್ರದಲ್ಲಿ ಬರುವುದಿಲ್ಲ. ಇನ್ನೊಂದು, ‘ಹೈಪೋಪ್ಲಾಸ್ಟಿಕ್’ ಅಂದರೆ ಹುಟ್ಟಿನಿಂದ ಸಪೂರ, ‘ಸ್ಟೆನೋಸಿಸ್’ ಅಂದರೆ ಸಾಮಾನ್ಯವಾಗಿ ಆಮೇಲೆ ಕಿರಿದಾದದ್ದು. ಎರಡನೆಯದು ಇದ್ದರೆ ಚಿಕಿತ್ಸೆ ಬೇಕಾಗಬಹುದು, ಅದನ್ನು ಡಾಕ್ಟರ ಹತ್ತಿರ ಬಿಡಿಸಿ ಕೇಳಿ.

ಬರೀ ವೇರಿಯಂಟ್‌ಗೆ ವರ್ಷ ವರ್ಷ ಸ್ಕ್ಯಾನ್ ಬೇಡ. ಸಿಡಿ ಮತ್ತು ಫಿಲ್ಮ್ ಮಾತ್ರ ಎಸೆಯಬೇಡಿ. ನಾಳೆ ಕುತ್ತಿಗೆಯ ನಾಳಕ್ಕೋ ಮಿದುಳಿಗೋ ಮೂಗಿನ ಹಿಂಭಾಗಕ್ಕೋ ಆಪರೇಷನ್ ಅಂತ ಬಂದರೆ ಸರ್ಜನ್‌ಗೆ ಮೊದಲು ಬೇಕಾಗುವುದು ಅದೇ. ಹಾಳೆಯ ರಿಪೋರ್ಟ್ ಒಂದೇ ಸಾಲದು, ಚಿತ್ರವನ್ನೇ ಅವರು ಕಣ್ಣಾರೆ ನೋಡಬೇಕಾಗುತ್ತದೆ.